ಈ ಶಬ್ದವನ್ನು ಮೊದಲು ಬಳಸಿದವರು ಯಾರು? ಉತ್ತರ ಹುಡುಕುವ ಬಗೆ

ನವೆಂಬರ್ ಬಂತೆಂದರೆ ಬೆಳಗಾವಿಯಿಂದ ವಿಜಯಪುರದವರೆಗೆ ಎಲ್ಲರ ಮೊಬೈಲಿಗೂ ಶಬ್ದಗಳ ಕಥೆಗಳು ಬರತೊಡಗುತ್ತವೆ. ಐಹೊಳೆಗೆ ಆ ಹೆಸರು ಬಂದದ್ದು ಹೀಗೆ, ‘ಕಾಯಕವೇ ಕೈಲಾಸ’ ಎಂದು ಮೊದಲು ಹೇಳಿದವರು ಇವರು, ‘ಆಕಾಶವಾಣಿ’ ಎಂದು ಹೆಸರಿಟ್ಟವರು ಅವರು. ರಾಜ್ಯೋತ್ಸವದ ಕ್ವಿಜ್‌ಗೆ ಮಕ್ಕಳನ್ನು ತಯಾರು ಮಾಡುವ ಶಿಕ್ಷಕರಿಗೆ ಇದು ವರ್ಷವರ್ಷದ ತಲೆನೋವು. ಒಂದೇ ಪ್ರಶ್ನೆಗೆ ಮೂರು ಉತ್ತರ, ಮೂರಕ್ಕೂ ಆಧಾರವಿಲ್ಲ. ಈಗ ಮೊಬೈಲಿನಲ್ಲಿರುವ ಕೃತಕ ಬುದ್ಧಿಮತ್ತೆಯನ್ನೇ ಕೇಳಿಬಿಡುವವರು ಹೆಚ್ಚಾಗಿದ್ದಾರೆ. ಅದು ಇಸವಿ ಸಮೇತ, ಎಳ್ಳಷ್ಟೂ ಅನುಮಾನವಿಲ್ಲದ ದನಿಯಲ್ಲಿ ಉತ್ತರ ಕೊಡುತ್ತದೆ. ಆ ಇಸವಿ ಸರಿಯೋ ತಪ್ಪೋ ಎಂದು ತೂಗಿ ನೋಡುವ ಕೆಲಸ ಕೇಳಿದವರ ಮೇಲೇ ಉಳಿಯುತ್ತದೆ.

ಶಬ್ದದ ಹುಟ್ಟನ್ನು ಪತ್ತೆ ಹಚ್ಚಲು ವಿದ್ವಾಂಸರು ಅನುಸರಿಸುವ ದಾರಿಯೊಂದಿದೆ. ಅದು ಕಷ್ಟದ್ದೇನಲ್ಲ, ತಾಳ್ಮೆ ಬೇಡುತ್ತದೆ ಅಷ್ಟೆ. ಆ ದಾರಿಯಲ್ಲಿ ನಡೆಯಲು ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳಷ್ಟು ಒಳ್ಳೆಯ ನೆಲ ಕನ್ನಡ ನಾಡಿನಲ್ಲಿ ಸಿಗುವುದು ಅಪರೂಪ ಎಂದು ನನಗನಿಸುತ್ತದೆ. ಕಲ್ಲು, ಓಲೆಗರಿ, ಅಚ್ಚಿನ ಕಾಗದ, ಸರ್ಕಾರಿ ಕಡತ ಎಲ್ಲವೂ ಇಲ್ಲಿವೆ.

ಒಂದು ಶಬ್ದಕ್ಕೆ ಮೂರು ದಿನಾಂಕ

ಮೊದಲು ಮೂರು ಸಂಗತಿಗಳನ್ನು ಬೇರೆ ಬೇರೆ ಇಟ್ಟುಕೊಳ್ಳೋಣ. ಒಂದು, ಯಾರೋ ಒಬ್ಬರು ಶಬ್ದವನ್ನು ಕಟ್ಟಿದ ಗಳಿಗೆ. ಇದಕ್ಕೆ ಠಂಕಿಸುವುದು ಎನ್ನುತ್ತಾರೆ. ಎರಡು, ಆ ಶಬ್ದ ಮೊಟ್ಟಮೊದಲು ಬರವಣಿಗೆಯಲ್ಲಿ ಕಾಣಿಸಿಕೊಂಡು, ಆ ಬರಹ ನಮ್ಮವರೆಗೆ ಉಳಿದು ಬಂದಿರುವುದು. ಇದು ಮೊದಲ ಲಿಖಿತ ಬಳಕೆ. ಮೂರು, ಶಬ್ದ ಜನರ ಬಾಯಿಗೆ ಬಿದ್ದು ಎಲ್ಲರದಾದ ಕಾಲ.

ನಮ್ಮ ಕಡೆಯ ಹಿರಿಯರ ಆಧಾರ್ ಕಾರ್ಡು ನೋಡಿ. ಎಷ್ಟೋ ಜನರ ಹುಟ್ಟಿದ ದಿನ ಜೂನ್ 1. ಅವರೆಲ್ಲ ಒಂದೇ ದಿನ ಹುಟ್ಟಿದವರಲ್ಲ. ಸಾಲಿಗೆ ಹೆಸರು ಹಚ್ಚಲು ಹೋದಾಗ ಮಾಸ್ತರರು ಬರೆದುಕೊಂಡ ತಾರೀಖು ಅದು. ಆ ದಾಖಲೆ ನೋಡಿ ಖಚಿತವಾಗಿ ಹೇಳಬಹುದಾದದ್ದು ಇಷ್ಟೇ: ಹೆಸರು ಹಚ್ಚುವ ಹೊತ್ತಿಗೆ ಆ ಮಗು ಹುಟ್ಟಿ ಆಗಿತ್ತು. ಎಷ್ಟು ಮೊದಲು ಹುಟ್ಟಿತ್ತು ಎಂಬುದನ್ನು ಬೇರೆ ಕಡೆ ಕೇಳಿ ತಿಳಿಯಬೇಕು. ಶಬ್ದದ ಮೊದಲ ಲಿಖಿತ ಬಳಕೆಯೂ ಇಷ್ಟನ್ನೇ ಹೇಳುತ್ತದೆ. ‘ಈ ಇಸವಿಯ ಹೊತ್ತಿಗೆ ಶಬ್ದ ಬಳಕೆಯಲ್ಲಿತ್ತು’ ಎಂಬುದು ಗಟ್ಟಿ ಮಾತು. ‘ಈ ಇಸವಿಯಲ್ಲೇ ಹುಟ್ಟಿತು’ ಎನ್ನಬೇಕಾದರೆ ಇನ್ನೊಂದು ಸಾಕ್ಷಿ ಬೇಕಾಗುತ್ತದೆ.

ಮೊದಲ ಬಳಕೆ ಎಂದು ಇವತ್ತು ಹೇಳುವ ಇಸವಿ ನಾಳೆ ಬದಲಾಗಬಹುದು. ಯಾರಿಗಾದರೂ ಇನ್ನೂ ಹಳೆಯ ಕಾಗದವೋ ಕಲ್ಲೋ ಸಿಕ್ಕಿದರೆ ದಿನಾಂಕ ಹಿಂದೆ ಸರಿಯುತ್ತದೆ. ಆದ್ದರಿಂದ ತಿಳಿದವರು ‘ಈವರೆಗೆ ಸಿಕ್ಕಿರುವ ಮೊದಲ ಬಳಕೆ’ ಎಂದೇ ಬರೆಯುತ್ತಾರೆ.

ಹುಟ್ಟಿದ ದಿನ ಗೊತ್ತಿರುವ ಶಬ್ದಗಳು

ಕೆಲವು ಶಬ್ದಗಳ ವಿಷಯದಲ್ಲಿ ಈ ಗೊಂದಲವೇ ಇಲ್ಲ. ‘ಕೋವಿಡ್-19’ ಎಂಬ ಹೆಸರನ್ನು ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ್ದು 2020ರ ಫೆಬ್ರವರಿ 11ರಂದು. ಕೊರೊನಾ, ವೈರಸ್, ಡಿಸೀಸ್ ಎಂಬ ಮೂರು ಶಬ್ದಗಳ ತುಣುಕು ಜೋಡಿಸಿ, ರೋಗ ಪತ್ತೆಯಾದ 2019ರ ಕೊನೆಯ ಎರಡಂಕಿ ಸೇರಿಸಿದರು. ಕೆಲವೇ ವಾರಗಳಲ್ಲಿ ಅದು ನಮ್ಮ ಹಳ್ಳಿಗಳ ಕಟ್ಟೆಯ ಮೇಲಿನ ಮಾತಾಗಿತ್ತು. ಠಂಕಿಸಿದ ದಿನ, ಬರೆದ ದಿನ, ಹರಡಿದ ಕಾಲ ಮೂರೂ ಇಷ್ಟು ಹತ್ತಿರ ಬರುವುದು ವಿರಳ.

ಈಗ ಎಲ್ಲರ ಬಾಯಲ್ಲಿರುವ ‘ಕೃತಕ ಬುದ್ಧಿಮತ್ತೆ’ಯ ಮೂಲವಾದ ಇಂಗ್ಲಿಷ್ ಪದಪುಂಜವೂ ಹಾಗೆಯೇ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ 1956ರ ಬೇಸಿಗೆಯಲ್ಲಿ ವಿಜ್ಞಾನಿಗಳ ಸಭೆಯೊಂದು ನಡೆಯಿತು. ಅದಕ್ಕೆ ಹಣ ಕೇಳಿ ಜಾನ್ ಮೆಕಾರ್ಥಿ ಮತ್ತು ಅವರ ಮೂವರು ಜೊತೆಗಾರರು 1955ರಲ್ಲಿ ಬರೆದ ಪ್ರಸ್ತಾವನೆಯಲ್ಲಿ ಆ ಹೆಸರಿದೆ. ಹೆಸರು ಸಾಮಾನ್ಯ ಜನರ ಮಾತಿಗೆ ಇಳಿಯಲು ಮಾತ್ರ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ನಮಗೆ ಇನ್ನೂ ಹತ್ತಿರದ ಉದಾಹರಣೆ ‘ಸತ್ಯಾಗ್ರಹ’. ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ 1924ರ ಡಿಸೆಂಬರಿನಲ್ಲಿ ಬೆಳಗಾವಿಯ ಟಿಳಕವಾಡಿಯಲ್ಲಿ ನಡೆಯಿತು. ಅಷ್ಟು ಹೊತ್ತಿಗೆ ‘ಸತ್ಯಾಗ್ರಹ’ ದೇಶದ ಎಲ್ಲ ಭಾಷೆಗಳ ಶಬ್ದವಾಗಿತ್ತು. ಹುಟ್ಟಿದ್ದು ಮಾತ್ರ ದಕ್ಷಿಣ ಆಫ್ರಿಕಾದಲ್ಲಿ. 1906ರ ಸೆಪ್ಟೆಂಬರ್ 11ರಂದು ಜೊಹಾನ್ಸ್‌ಬರ್ಗ್‌ನಲ್ಲಿ ಭಾರತೀಯರು ಸಭೆ ಸೇರಿ, ಅನ್ಯಾಯದ ಕಾನೂನಿಗೆ ತಲೆಬಾಗುವುದಿಲ್ಲ ಎಂದು ಶಪಥ ಮಾಡಿದರು. ಆಗ ಈ ಹೋರಾಟಕ್ಕೆ ನಮ್ಮ ಭಾಷೆಗಳಲ್ಲಿ ತಕ್ಕ ಹೆಸರಿರಲಿಲ್ಲ. ಇಂಗ್ಲಿಷಿನಲ್ಲಿ ‘ಪ್ಯಾಸಿವ್ ರೆಸಿಸ್ಟೆನ್ಸ್’ ಎನ್ನುತ್ತಿದ್ದರು. ಅದು ಕೈಲಾಗದವರ ಹೋರಾಟ ಎಂಬ ಅರ್ಥ ಕೊಡುತ್ತದೆಂದು ಗಾಂಧೀಜಿಗೆ ಸಮಾಧಾನವಿರಲಿಲ್ಲ. 1907ರ ಕೊನೆಗೆ ಅವರು ತಮ್ಮ ‘ಇಂಡಿಯನ್ ಒಪಿನಿಯನ್’ ಪತ್ರಿಕೆಯಲ್ಲಿ ಒಳ್ಳೆಯ ಹೆಸರು ಸೂಚಿಸಿದವರಿಗೆ ಬಹುಮಾನ ಎಂದು ಪ್ರಕಟಿಸಿದರು. ಮಗನ್‌ಲಾಲ್ ಗಾಂಧಿ ‘ಸದಾಗ್ರಹ’ ಎಂದು ಸೂಚಿಸಿದರು. ಗಾಂಧೀಜಿ ಅದನ್ನು ‘ಸತ್ಯಾಗ್ರಹ’ ಎಂದು ತಿದ್ದಿದರು. ಅದು 1908ರ ಜನವರಿಯ ಮಾತು.

ಚಳವಳಿಗೆ 1906, ಶಬ್ದಕ್ಕೆ 1908. 1906ರ ಸಭೆಯಲ್ಲೇ ಗಾಂಧೀಜಿ ‘ಸತ್ಯಾಗ್ರಹ’ ಎಂದು ಘೋಷಿಸಿದರು ಎಂದು ಯಾರಾದರೂ ಬರೆದರೆ, ಅವರು ನಂತರದ ಶಬ್ದವನ್ನು ಹಿಂದಿನ ಕಾಲಕ್ಕೆ ಒಯ್ದಿದ್ದಾರೆ. ಶಬ್ದದ ಚರಿತ್ರೆಯಲ್ಲಿ ಇದು ಪದೇಪದೇ ಆಗುವ ತಪ್ಪು. ಇನ್ನೊಂದನ್ನೂ ಗಮನಿಸಬೇಕು. ಈ ಶಬ್ದವನ್ನು ಕಟ್ಟಿದವರು ಒಬ್ಬರೋ ಇಬ್ಬರೋ? ಮೊದಲರ್ಧ ದಾರಿ ತೋರಿದವರು ಮಗನ್‌ಲಾಲ್, ಕೊನೆಯ ರೂಪ ಕೊಟ್ಟವರು ಗಾಂಧೀಜಿ. ‘ರೋಬೋಟ್’ ವಿಷಯದಲ್ಲೂ ಹೀಗೇ ಆಗಿದೆ. ಅದು ಮೊದಲು ಕಾಣಿಸಿದ್ದು ಚೆಕ್ ಲೇಖಕ ಕರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ ನಾಟಕದಲ್ಲಿ. ಶಬ್ದ ಹೊಳೆದದ್ದು ತನ್ನ ಅಣ್ಣ, ಚಿತ್ರಕಾರ ಯೋಸೆಫ್‌ಗೆ ಎಂದು ಕರೆಲ್ ತಾನೇ ಮುಂದೆ ಬರೆದ. ಅಚ್ಚಾದ ಪುಸ್ತಕವನ್ನಷ್ಟೇ ನೋಡುವವರಿಗೆ ಯೋಸೆಫ್ ಕಾಣುವುದೇ ಇಲ್ಲ.

ಹಳೆಯ ಶಬ್ದ, ಹೊಸ ಕೆಲಸ

ಶಬ್ದ ಕಟ್ಟುವುದೆಂದರೆ ಇಲ್ಲದ್ದನ್ನು ಸೃಷ್ಟಿಸುವುದು ಎಂದೇ ಅಲ್ಲ. ಬಹಳ ಸಲ ಇದ್ದುದನ್ನೇ ಜೋಡಿಸುತ್ತಾರೆ. ಮಿಂಚು, ಅಂಚೆ ಎರಡೂ ಹಳೆಯವು, ‘ಮಿಂಚಂಚೆ’ ಹೊಸದು. ಗೋಕಾಕ, ಅಮೀನಗಡದ ಸಿಹಿತಿಂಡಿ ‘ಕರದಂಟು’ ಕೂಡ ಜೋಡು ಶಬ್ದವೇ: ಕರಿದ ಅಂಟು, ಅಂದರೆ ತಿನ್ನುವ ಗೋಂದು. ತುಪ್ಪದಲ್ಲಿ ಅಂಟು ಕರಿಯುವಾಗ ಅದು ಅರಳಿ ಉಬ್ಬುವುದನ್ನು ನೋಡಿದವರಿಗೆ ಹೆಸರು ಬಿಡಿಸಿ ಹೇಳಬೇಕಿಲ್ಲ. ಆದರೆ ಶಬ್ದ ಹೇಗೆ ಕೂಡಿಕೊಂಡಿದೆ ಎಂದು ತಿಳಿದ ಮಾತ್ರಕ್ಕೆ ಯಾವಾಗ ಕೂಡಿಕೊಂಡಿತು ಎಂದು ತಿಳಿಯುವುದಿಲ್ಲ. ಮೊದಲನೆಯದಕ್ಕೆ ವ್ಯಾಕರಣ ಸಾಕು, ಎರಡನೆಯದಕ್ಕೆ ದಿನಾಂಕವಿರುವ ಬರಹವೇ ಬೇಕು.

ಕೆಲವೊಮ್ಮೆ ಶಬ್ದ ಪೂರ್ತಿ ಹಳೆಯದು, ಅರ್ಥ ಮಾತ್ರ ಹೊಸದು. ‘ಆಕಾಶವಾಣಿ’ ಪುರಾಣದ ಕಾಲದಿಂದ ಇದೆ. ಕಂಸನಿಗೆ ಎಚ್ಚರಿಕೆ ಕೊಟ್ಟದ್ದು ಅಶರೀರವಾಣಿ, ಆಕಾಶದಿಂದ ಕೇಳಿದ ಮಾತು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಎಂ. ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಆರಂಭಿಸಿದರು. ಅದಕ್ಕೆ ಬಂದ ಹೆಸರು ಆಕಾಶವಾಣಿ. ಹೆಸರು ಸೂಚಿಸಿದವರು ನಾ. ಕಸ್ತೂರಿ ಎಂಬುದು ಬಹುಜನ ಒಪ್ಪಿದ ಮಾತು. 1950ರ ದಶಕದಲ್ಲಿ ಇಡೀ ದೇಶದ ಸರ್ಕಾರಿ ರೇಡಿಯೊ ಆ ಹೆಸರನ್ನು ತನ್ನದಾಗಿಸಿಕೊಂಡಿತು. ಹಾಗಾದರೆ ‘ಆಕಾಶವಾಣಿ’ಯ ಮೊದಲ ಬಳಕೆ ಯಾವಾಗ ಎಂದು ಕೇಳಿದವರಿಗೆ ನಾವು ತಿರುಗಿ ಕೇಳಬೇಕು: ಯಾವ ಅರ್ಥದಲ್ಲಿ? ಅಶರೀರ ದನಿ ಎಂಬ ಅರ್ಥದಲ್ಲಾದರೆ ಪುರಾಣಗಳಿಗೆ ಹೋಗಬೇಕು, ರೇಡಿಯೊ ಕೇಂದ್ರ ಎಂಬ ಅರ್ಥದಲ್ಲಾದರೆ ಮೈಸೂರಿಗೆ. ಕ್ವಿಜ್ ಪ್ರಶ್ನೆಗಳಲ್ಲಿ ‘ಯಾವ ಅರ್ಥದಲ್ಲಿ’ ಎಂಬುದೊಂದು ಸೇರಿಸಿದರೆ ಅರ್ಧ ಜಗಳ ಅಲ್ಲೇ ನಿಲ್ಲುತ್ತದೆ.

ಕಲ್ಲಿನಲ್ಲಿ ಉಳಿದ ಶಬ್ದಗಳು

ಕಾಗದಕ್ಕಿಂತ ಕಲ್ಲಿನ ಸಾಕ್ಷಿ ಗಟ್ಟಿ. ಕಾರಣ ಸರಳ. ಕಾಗದವನ್ನು, ಓಲೆಯನ್ನು ಮತ್ತೆ ಮತ್ತೆ ನಕಲು ಮಾಡುತ್ತಾರೆ. ನಕಲು ಮಾಡುವವರು ತಮ್ಮ ಕಾಲದ ಶಬ್ದವನ್ನು ಸೇರಿಸಿಬಿಡುವುದುಂಟು. ಬಂಡೆಯ ಮೇಲೆ ಕೊರೆದದ್ದು ಕೊರೆದ ದಿನದ ರೂಪದಲ್ಲೇ ನಿಂತಿರುತ್ತದೆ.

ಬಾದಾಮಿ ಬೆಟ್ಟದ ಬಂಡೆಯ ಮೇಲೆ ಒಂದನೇ ಪುಲಿಕೇಶಿಯ ಸಂಸ್ಕೃತ ಶಾಸನವಿದೆ. ಅದರಲ್ಲಿ ಶಕವರ್ಷ 465 ಎಂದು ಮಾತಿನಲ್ಲೇ ಬರೆದಿದ್ದಾರೆ. ಶಕವರ್ಷಕ್ಕೆ 78 ಕೂಡಿಸಿದರೆ ಇಂಗ್ಲಿಷ್ ಇಸವಿ, ಅಂದರೆ 543. ಶಕವರ್ಷ ಯುಗಾದಿಯಿಂದ ಯುಗಾದಿಗೆ ನಡೆಯುವುದರಿಂದ ಅದರ ಕೊನೆಯ ತಿಂಗಳುಗಳು ಇಂಗ್ಲಿಷಿನ ಮುಂದಿನ ಇಸವಿಗೆ ಬೀಳುತ್ತವೆ. ಆದ್ದರಿಂದಲೇ ಶಾಸನಗಳ ಕಾಲವನ್ನು ‘634-35’ ಎಂದು ಎರಡು ಇಸವಿ ಹಾಕಿ ಬರೆಯುವ ರೂಢಿ. ಈ ಶಾಸನದಲ್ಲಿ ‘ವಾತಾಪಿ’ ಎಂಬ ಹೆಸರಿದೆ. ಬೆಟ್ಟಗಳ ಅರಸನಾದ ವಾತಾಪಿಯನ್ನು ಮೇಲೂ ಕೆಳಗೂ ಕೋಟೆ ಕಟ್ಟಿ ಭದ್ರಪಡಿಸಿದ ಎಂಬುದು ಅಲ್ಲಿನ ಮಾತು. 543ರ ಹೊತ್ತಿಗೆ ಅದು ಬೆಟ್ಟದ ಹೆಸರಾಗಿತ್ತು ಎಂಬುದಕ್ಕೆ ಇಷ್ಟು ಸಾಕ್ಷಿ ಸಾಕು.

ಅದೇ ಬಾದಾಮಿಯ ತಟ್ಟುಕೋಟಿಯಲ್ಲಿ ಕಪ್ಪೆ ಅರಭಟ್ಟನ ಶಾಸನವಿದೆ. ತ್ರಿಪದಿಯ ಅತಿ ಹಳೆಯ ಉದಾಹರಣೆ ಎಂದು ಅದಕ್ಕೆ ಹೆಸರು. ಅದರ ಒಂದು ಭಾಗ ಹೀಗಿದೆ:

ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ
ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್
ಮಾಧವನೀತನ್ ಪೆರನಲ್ಲ

‘ಕಲಿಯುಗ ವಿಪರೀತನ್’ ಎಂಬುದನ್ನು ನಿಧಾನವಾಗಿ ಓದಿ. ಕಲಿಯುಗವೂ ವಿಪರೀತವೂ ಮೊದಲೇ ಇದ್ದ ಶಬ್ದಗಳು. ಇವೆರಡನ್ನೂ ಕೂಡಿಸಿ ಒಬ್ಬ ಮನುಷ್ಯನಿಗೆ ಬಿರುದಾಗಿ ತೊಡಿಸಿದವನು ಈ ಕವಿ. ಯಾರೆಂದು ಹೆಸರಿಲ್ಲ. ಈ ಶಾಸನದಲ್ಲಿ ಇಸವಿಯೂ ಇಲ್ಲ. ಸುಮಾರು 700 ಎಂದು ಹೇಳುವುದು ಅಕ್ಷರಗಳ ಆಕಾರ ನೋಡಿ. ಕನ್ನಡ ಲಿಪಿ ಶತಮಾನದಿಂದ ಶತಮಾನಕ್ಕೆ ಬದಲಾಗುತ್ತ ಬಂದಿದೆ. ಇಸವಿ ಇರುವ ಬೇರೆ ಶಾಸನಗಳ ಅಕ್ಷರದ ಪಕ್ಕಕ್ಕೆ ಇದನ್ನು ಇಟ್ಟು ಕಾಲ ಅಂದಾಜು ಮಾಡುತ್ತಾರೆ. ಹಾಗಾಗಿ ಪುಲಿಕೇಶಿಯ ಶಾಸನಕ್ಕೆ 543 ಎನ್ನುತ್ತೇವೆ, ಅರಭಟ್ಟನದಕ್ಕೆ ‘ಸುಮಾರು’ ಸೇರಿಸಿಯೇ ಹೇಳಬೇಕು. ಫಾರ್ವರ್ಡ್ ಆಗುವ ಸಂದೇಶಗಳಲ್ಲಿ ಮೊದಲು ಉದುರಿಹೋಗುವುದು ಈ ‘ಸುಮಾರು’.

ಕೊನೆಯ ‘ಪೆರನಲ್ಲ’ ಹುಡುಕುವವರಿಗೆ ಒಂದು ಪಾಠ. ಪೆರನ್ ಎಂದರೆ ಬೇರೆಯವನು. ಹತ್ತನೇ ಶತಮಾನದ ಆಸುಪಾಸಿನಿಂದ ಕನ್ನಡದಲ್ಲಿ ಶಬ್ದದ ಮೊದಲಿನ ಪಕಾರ ಹಕಾರವಾಗುತ್ತ ಬಂತು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು. ಹಳೆಯ ಶಾಸನಗಳಲ್ಲಿ ‘ಹುಲಿ’ ಎಂದು ಹುಡುಕಿ, ಸಿಗಲಿಲ್ಲವೆಂದು ಆಗಿನ ಕನ್ನಡಿಗರಿಗೆ ಹುಲಿ ಗೊತ್ತೇ ಇರಲಿಲ್ಲ ಎನ್ನಲಾಗದು. ಹುಡುಕಬೇಕಾದ್ದು ‘ಪುಲಿ’. ಪಟ್ಟದಕಲ್ಲಿನ ಹಳೆಯ ಹೆಸರನ್ನು ಒಂಬತ್ತನೇ ಶತಮಾನದ ‘ಕವಿರಾಜಮಾರ್ಗ’ ಹೇಳುತ್ತದೆ: ಕಿಸುವೊಳಲ್. ಕಿಸು ಎಂದರೆ ಕೆಂಪು, ಪೊಳಲ್ ಎಂದರೆ ಪಟ್ಟಣ. ಕನ್ನಡದ ತಿರುಳು ಎಂದು ಆ ಗ್ರಂಥ ಹೆಸರಿಸುವ ನಾಲ್ಕು ಊರುಗಳಲ್ಲಿ ಇದೂ ಒಂದು, ಬೆಳಗಾವಿ ಜಿಲ್ಲೆಯ ಒಕ್ಕುಂದ ಇನ್ನೊಂದು. ‘ಪಟ್ಟದಕಲ್ಲು’ ಎಂದಷ್ಟೇ ಹುಡುಕುವವರಿಗೆ ಈ ಸಾಲು ಸಿಗುವುದಿಲ್ಲ. ಹಾಗೆಯೇ ಬೆಳಗಾವಿಯನ್ನು ರಟ್ಟ ಅರಸರ ಕಾಲದ ಶಾಸನಗಳಲ್ಲಿ ‘ವೇಣುಗ್ರಾಮ’ ಎಂದು ಹುಡುಕಬೇಕು.

ಐಹೊಳೆಯ ಮೇಗುತಿ ಗುಡಿಯ ಗೋಡೆಯಲ್ಲಿ ರವಿಕೀರ್ತಿ ಬರೆದ ಶಾಸನ ಶಕವರ್ಷ 556ರದು, ಅಂದರೆ 634-35. ಎರಡನೇ ಪುಲಿಕೇಶಿಯ ಗೆಲುವುಗಳನ್ನು ಹೇಳಿ, ಕೊನೆಗೆ ರವಿಕೀರ್ತಿ ತನ್ನ ಕೀರ್ತಿಯನ್ನು ಕಾಳಿದಾಸ, ಭಾರವಿಯರ ಕೀರ್ತಿಗೆ ಸಮ ಎಂದುಕೊಳ್ಳುತ್ತಾನೆ. ಆ ಇಬ್ಬರೂ ಯಾವಾಗ ಇದ್ದರೆಂದು ಅವರ ಕಾವ್ಯಗಳಲ್ಲಿಲ್ಲ. 634ರ ಹೊತ್ತಿಗೆ ಅವರ ಹೆಸರು ಐಹೊಳೆಯವರೆಗೆ ಮುಟ್ಟಿತ್ತು ಎಂದು ಈ ಕಲ್ಲು ಹೇಳುವುದರಿಂದ, ಅವರು ಅದಕ್ಕಿಂತ ಈಚಿನವರಾಗಲು ಸಾಧ್ಯವಿಲ್ಲ. ದೇಶದ ಸಾಹಿತ್ಯ ಚರಿತ್ರೆಯ ದೊಡ್ಡ ಪ್ರಶ್ನೆಯೊಂದಕ್ಕೆ ಗಡಿ ಹಾಕಿದ್ದು ಹುನಗುಂದ ಸೀಮೆಯ ಒಂದು ಗೋಡೆ. ಮೊದಲ ಲಿಖಿತ ಬಳಕೆಯ ಬಲ ಏನೆಂದು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ಗೊತ್ತಿಲ್ಲ.

ಕೇಳಲು ಚೆಂದದ ಕಥೆಗಳು

ಐಹೊಳೆಯ ಹೆಸರಿನ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಪರಶುರಾಮ ರಕ್ತ ಮೆತ್ತಿದ ಕೊಡಲಿಯನ್ನು ಮಲಪ್ರಭೆಯಲ್ಲಿ ತೊಳೆದ, ನೀರು ಕೆಂಪಾದದ್ದು ಕಂಡ ಹೆಂಗಸೊಬ್ಬಳು ‘ಅಯ್ಯೋ ಹೊಳಿ!’ ಎಂದು ಕೂಗಿದಳು, ಊರಿಗೆ ಅದೇ ಹೆಸರಾಯಿತು. ಕಥೆಗೆ ತನ್ನದೇ ಬೆಲೆ ಇದೆ, ಅದನ್ನು ಹೇಳುತ್ತಲೇ ಇರಬೇಕು. ಶಬ್ದದ ಮೂಲಕ್ಕೆ ಸಾಕ್ಷಿಯಾಗಿ ಮಾತ್ರ ಅದು ನಿಲ್ಲುವುದಿಲ್ಲ. ಶಾಸನಗಳಲ್ಲಿ ಈ ಊರು ಅಯ್ಯಾವೊಳೆ, ಸಂಸ್ಕೃತದಲ್ಲಿ ಆರ್ಯಪುರ. ದಕ್ಷಿಣ ಭಾರತದ ತುಂಬ ವ್ಯಾಪಾರ ಮಾಡಿದ ವರ್ತಕರ ಸಂಘಕ್ಕೆ ‘ಅಯ್ಯಾವೊಳೆ ಐನೂರ್ವರು’ ಎಂದೇ ಹೆಸರು. ಸಂಸ್ಕೃತದಲ್ಲಿ ಆರ್ಯಪುರ ಎಂದು ಬರೆದವರು ಹೆಸರಿನ ಮೊದಲ ಭಾಗವನ್ನು ಅಯ್ಯ, ಅಂದರೆ ಆರ್ಯ ಎಂದು ತಿಳಿದಿದ್ದರು. ಉದ್ಗಾರದ ಸುಳಿವು ಅಲ್ಲಿಲ್ಲ. ಇವತ್ತಿನ ಉಚ್ಚಾರಣೆ ಕಿವಿಗೆ ಹೇಗೆ ಕೇಳುತ್ತದೋ ಅದಕ್ಕೆ ಹೊಂದುವ ಕಥೆ ಹೆಣೆಯುವುದನ್ನು ಜಾನಪದ ನಿರುಕ್ತಿ ಎನ್ನುತ್ತಾರೆ. ಇದನ್ನು ಗುರುತಿಸಲು ಸುಲಭದ ಪರೀಕ್ಷೆಯೊಂದಿದೆ: ಶಬ್ದದ ಹಳೆಯ ರೂಪವನ್ನು ಇಟ್ಟು ನೋಡಿದರೂ ಕಥೆ ನಡೆಯುತ್ತದೆಯೇ?

ಇಂಥ ಕಥೆಗಳು ಎಲ್ಲ ಭಾಷೆಗಳಲ್ಲೂ ಇವೆ. ದಿನಕ್ಕೆ ನೂರು ಸಲ ನಾವು ಹೇಳುವ ‘ಓಕೆ’ಗೆ ಗ್ರೀಕ್ ಮೂಲ, ಅಮೆರಿಕದ ಮೂಲನಿವಾಸಿಗಳ ಮೂಲ, ಯುದ್ಧದಲ್ಲಿ ‘ಸತ್ತವರು ಸೊನ್ನೆ’ (0 ಕಿಲ್ಡ್) ಎಂದು ಬರೆದ ಫಲಕ ಎಂದೆಲ್ಲ ಕಥೆಗಳಿದ್ದವು. ಅಲೆನ್ ವಾಕರ್ ರೀಡ್ ಎಂಬ ವಿದ್ವಾಂಸರು ಹಳೆಯ ಪತ್ರಿಕೆಗಳನ್ನು ಜಾಲಾಡಿ, 1960ರ ದಶಕದಲ್ಲಿ ಉತ್ತರ ಪ್ರಕಟಿಸಿದರು. 1839ರ ಮಾರ್ಚ್ 23ರ ಬಾಸ್ಟನ್ ಪತ್ರಿಕೆಯೊಂದರಲ್ಲಿ ‘ಓ.ಕೆ.’ ಇದೆ. ‘ಆಲ್ ಕರೆಕ್ಟ್’ ಎಂಬುದನ್ನು ಬೇಕೆಂದೇ ತಪ್ಪು ಕಾಗುಣಿತದಲ್ಲಿ (oll korrect) ಬರೆದು, ಮೊದಲಕ್ಷರ ಮಾತ್ರ ಹಿಡಿದದ್ದು. ಆ ಕಾಲದ ಬಾಸ್ಟನ್ ಪತ್ರಿಕೆಗಳಲ್ಲಿ ಇಂಥ ತಮಾಷೆಯ ಸಂಕ್ಷೇಪಗಳು ಹೇರಳವಾಗಿದ್ದವೆಂದು ರೀಡ್ ತೋರಿಸಿದ ಮೇಲೆ ಉತ್ತರ ಗಟ್ಟಿಯಾಯಿತು. ಮರುವರ್ಷ ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಅಭ್ಯರ್ಥಿ ಮಾರ್ಟಿನ್ ವಾನ್ ಬ್ಯೂರನ್‌ರ ‘ಓಲ್ಡ್ ಕಿಂಡರ್‌ಹುಕ್’ ಎಂಬ ಅಡ್ಡಹೆಸರಿಗೂ ಅದೇ ಅಕ್ಷರಗಳು ಹೊಂದಿದ್ದರಿಂದ ಶಬ್ದ ದೇಶವಿಡೀ ಹರಡಿತು. ಜೊತೆಯ ಇತರ ಸಂಕ್ಷೇಪಗಳು ಸತ್ತುಹೋದವು.

ವಚನದ ಶಬ್ದಗಳ ಮೂರು ಪದರ

ಈಗ ನಮ್ಮ ನೆಲದ ಅತಿ ಕಷ್ಟದ, ಅತಿ ಪ್ರೀತಿಯ ಪ್ರಶ್ನೆಗೆ ಬರೋಣ. ‘ಕಾಯಕವೇ ಕೈಲಾಸ’ ಯಾರ ಮಾತು? ಕೇಳಿದವರಲ್ಲಿ ಹೆಚ್ಚಿನವರು ಬಸವಣ್ಣನವರದು ಎನ್ನುತ್ತಾರೆ. ಗೋಡೆ ಬರಹಗಳಲ್ಲಿ, ಕ್ಯಾಲೆಂಡರುಗಳಲ್ಲಿ ಬಸವಣ್ಣನವರ ಚಿತ್ರದ ಕೆಳಗೇ ಅದು ಇರುತ್ತದೆ. ವಚನ ತೆಗೆದು ನೋಡೋಣ: ‘ಕಾಯಕದಲ್ಲಿ ನಿರತನಾದಡೆ ಗುರುದರ್ಶನವಾದಡೂ ಮರೆಯಬೇಕು’ ಎಂದು ಶುರುವಾಗಿ, ‘ಕಾಯಕವೆ ಕೈಲಾಸವಾದ ಕಾರಣ, ಅಮರೇಶ್ವರಲಿಂಗವಾಯಿತ್ತಾದಡೂ ಕಾಯಕದೊಳಗು’ ಎಂದು ಮುಗಿಯುತ್ತದೆ. ಅಮರೇಶ್ವರಲಿಂಗ ಎಂಬುದು ಆಯ್ದಕ್ಕಿ ಮಾರಯ್ಯನ ಅಂಕಿತ. ಬಿದ್ದ ಅಕ್ಕಿ ಆಯುವುದನ್ನೇ ಕಾಯಕ ಮಾಡಿಕೊಂಡಿದ್ದ ಶರಣ ಆತ. ಬಸವಣ್ಣನವರ ಅಂಕಿತ ಕೂಡಲಸಂಗಮದೇವ. ಕೃಷ್ಣಾ, ಮಲಪ್ರಭೆ ಕೂಡುವ ಬಾಗಲಕೋಟೆ ಜಿಲ್ಲೆಯ ಕೂಡಲಸಂಗಮದ ದೇವರ ಹೆಸರು ಅದು.

ಅಂಕಿತ ಇರುವುದು ವಚನದ ಶಬ್ದ ಹುಡುಕುವವರ ದೊಡ್ಡ ಅದೃಷ್ಟ. ಹೇಳಿದವರ ಗುರುತು ಮಾತಿನ ಒಳಗೇ ಇದೆ. ಈ ಸಾಲಿನ ಕೀರ್ತಿ ಮಾರಯ್ಯನಿಗೆ ಸಲ್ಲಬೇಕು ಎನ್ನುವುದರಲ್ಲಿ ಬಸವಣ್ಣನವರಿಗೆ ಕಡಿಮೆ ಮಾಡಿದ್ದೇನೂ ಇಲ್ಲ. ಅಕ್ಕಿ ಆಯುವವನ ಮಾತು ನಾಡಿನ ಮಾತಾದದ್ದು ಆ ಚಳವಳಿಯ ಹಿರಿಮೆಯೇ.

ಕಾಲದ ಪ್ರಶ್ನೆ ಮಾತ್ರ ತೊಡಕಿನದು. ಶರಣರು ಹನ್ನೆರಡನೇ ಶತಮಾನದವರು. ನಮಗೆ ಸಿಕ್ಕಿರುವ ವಚನಗಳ ಓಲೆಗರಿ ಕಟ್ಟುಗಳಲ್ಲಿ ಹೆಚ್ಚಿನವು ಹದಿನೈದನೇ ಶತಮಾನದ ನಂತರದ ನಕಲುಗಳು. ನಡುವೆ ಮುನ್ನೂರು ವರ್ಷ. ಅಷ್ಟು ಕಾಲ ವಚನಗಳು ಬಾಯಿಂದ ಬಾಯಿಗೆ, ಓಲೆಯಿಂದ ಓಲೆಗೆ ಸಾಗಿವೆ. ಒಂದೇ ವಚನ ಎರಡು ಕಟ್ಟುಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸದೊಂದಿಗೆ ಸಿಗುತ್ತದೆ, ಇದಕ್ಕೆ ಪಾಠಾಂತರ ಎನ್ನುತ್ತಾರೆ. ಇನ್ನು ಅಚ್ಚಿನ ಪುಸ್ತಕವಾಗಿ ವಚನಗಳು ಓದುಗರಿಗೆ ವ್ಯಾಪಕವಾಗಿ ಸಿಕ್ಕಿದ್ದು ಇಪ್ಪತ್ತನೇ ಶತಮಾನದಲ್ಲಿ. ವಿಜಯಪುರದ ವಕೀಲ ಫ. ಗು. ಹಳಕಟ್ಟಿಯವರು ಊರೂರು ತಿರುಗಿ, ಮಠ ಮನೆಗಳ ಜಂತಿಯಲ್ಲಿ ಧೂಳು ತಿನ್ನುತ್ತಿದ್ದ ಕಟ್ಟುಗಳನ್ನು ಕೂಡಿಹಾಕಿ, ಓದಿ, ಬರೆದುಕೊಂಡರು. ಅವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಬೆಳಗಾವಿಯಲ್ಲಿ ಅಚ್ಚಾಗಿ ಹೊರಬಂದದ್ದು 1923ರಲ್ಲಿ. ಮುಂದೆ ಅವರು ವಿಜಯಪುರದಲ್ಲಿ ಸ್ವಂತ ಅಚ್ಚುಕೂಟವನ್ನೇ ಇಟ್ಟರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಶುರು ಮಾಡಿದರು. ಈ ಕೆಲಸಕ್ಕೆ ಅವರು ಸುರಿದ ದುಡ್ಡು, ಆಯುಷ್ಯ ನೆನೆದರೆ ಕೈಮುಗಿಯಬೇಕು ಅನಿಸುತ್ತದೆ.

ವಚನದ ಶಬ್ದಕ್ಕೆ ಹೀಗೆ ಮೂರು ಕಾಲ: ಹೇಳಿದ್ದು ಹನ್ನೆರಡನೇ ಶತಮಾನ, ಉಳಿದ ಓಲೆ ಹದಿನೈದು ಅಥವಾ ಅದರ ನಂತರ, ಅಚ್ಚು 1923ರ ಸುಮಾರು. ‘ಕಾಯಕ’ ಎಂಬ ಶಬ್ದದ ಕಾಲ ಹೇಳುವವರು ಈ ಮೂರರಲ್ಲಿ ಯಾವುದನ್ನು ಹೇಳುತ್ತಿದ್ದಾರೆಂದು ಬಿಡಿಸಿ ಹೇಳಬೇಕು. ಹನ್ನೆರಡನೇ ಶತಮಾನ ಎಂದು ನಂಬಲು ಒಳ್ಳೆಯ ಕಾರಣಗಳಿವೆ. ಬೇರೆ ಬೇರೆ ಅಂಕಿತಗಳ ಅನೇಕ ವಚನಕಾರರಲ್ಲಿ ಶಬ್ದ ಒಂದೇ ಅರ್ಥದಲ್ಲಿ ಬರುತ್ತದೆ, ಬೇರೆ ಬೇರೆ ಕಡೆ ಸಿಕ್ಕ ಕಟ್ಟುಗಳು ಅದನ್ನು ಒಪ್ಪುತ್ತವೆ. ‘ಕಾಯಕ’ ಸಂಸ್ಕೃತದಲ್ಲಿ ದೇಹಕ್ಕೆ ಸಂಬಂಧಿಸಿದ್ದು ಎಂಬಷ್ಟೇ ಅರ್ಥದ ಶಬ್ದ. ಹೊಟ್ಟೆಪಾಡಿನ ಕೆಲಸವನ್ನೇ ಪೂಜೆಯೆಂದು ಹೇಳುವ ಅರ್ಥ ಕೊಟ್ಟವರು ಶರಣರು.

ನಿಘಂಟು ಏನು ಮಾಡುತ್ತದೆ

ಸಾಮಾನ್ಯ ನಿಘಂಟು ಅರ್ಥ ಹೇಳಿ ಸುಮ್ಮನಾಗುತ್ತದೆ. ಚಾರಿತ್ರಿಕ ನಿಘಂಟು ಪ್ರತಿ ಅರ್ಥದ ಕೆಳಗೆ ಆ ಶಬ್ದ ಬಂದ ಸಾಲುಗಳನ್ನು ಆಧಾರ ಸಮೇತ ಕೊಡುತ್ತದೆ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಇಂಥದು. 1884ರಲ್ಲಿ ಮೊದಲ ಕಂತು ಬಂದು 1928ರಲ್ಲಿ ಮುಗಿಯಿತು. ಸಾವಿರಾರು ಸಾಮಾನ್ಯ ಓದುಗರು ಪುಸ್ತಕ ಓದುತ್ತ, ಕಂಡ ಸಾಲನ್ನು ಚೀಟಿಯಲ್ಲಿ ಬರೆದು ಕಳಿಸಿದ್ದರಿಂದ ಆದ ಕೆಲಸ ಅದು. ಕನ್ನಡದಲ್ಲಿ ಕಿಟೆಲ್ ಅವರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು 1970ರಿಂದ 1995ರವರೆಗೆ ಹೊರಬಂತು. ಶಾಸನ, ಕಾವ್ಯಗಳ ಸಾಲುಗಳನ್ನು ಉದಾಹರಿಸುವ ಈ ನಿಘಂಟು ಯಾವ ಹಳಗನ್ನಡ ಶಬ್ದ ಹುಡುಕುವವರಿಗೂ ಮೊದಲ ಮೆಟ್ಟಿಲು. ಅದರಲ್ಲಿ ಕೊಟ್ಟ ಅತಿ ಹಳೆಯ ಸಾಲಿಗಿಂತ ಹಿಂದಿನದು ನಿಮಗೆ ಸಿಕ್ಕರೆ, ಅದು ನಿಜವಾದ ಶೋಧ.

ನೀವೇ ಹುಡುಕುವುದಾದರೆ

ವಚನದ ಶಬ್ದಕ್ಕೆ ‘ವಚನ ಸಂಚಯ’ ಜಾಲತಾಣ ಇದೆ. ಶಬ್ದ ಕೊಟ್ಟರೆ ಅದು ಬರುವ ವಚನಗಳನ್ನೆಲ್ಲ ವಚನಕಾರರ ಹೆಸರಿನೊಂದಿಗೆ ತೋರಿಸುತ್ತದೆ. ನಮ್ಮ ಭಾಗದ ಶಾಸನಗಳು ‘ಬಾಂಬೆ ಕರ್ನಾಟಕ’ ಎಂಬ ತಲೆಬರಹದಲ್ಲಿ ದಕ್ಷಿಣ ಭಾರತ ಶಾಸನ ಸಂಪುಟಗಳಲ್ಲಿ ಅಚ್ಚಾಗಿವೆ. ಹತ್ತೊಂಬತ್ತನೇ ಶತಮಾನದ ಕಸುಬು, ಬೆಳೆ, ಬಟ್ಟೆಯ ಶಬ್ದಗಳಿಗೆ 1884ರಲ್ಲಿ ಬಂದ ಬೆಳಗಾವಿ ಮತ್ತು ವಿಜಯಪುರ ಜಿಲ್ಲೆಗಳ ಗೆಜೆಟಿಯರ್‌ಗಳನ್ನು ನೋಡಬೇಕು. ಅವು ಇಂಗ್ಲಿಷಿನಲ್ಲಿದ್ದರೂ ಊರಿನ ಶಬ್ದಗಳನ್ನು ಹಾಗೇ ಕೊಡುತ್ತವೆ.

ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕಗಳಲ್ಲಿ ಹುಡುಕುವಾಗ ಎರಡು ಕಡೆ ಎಡವುತ್ತೇವೆ. ಜಾಲತಾಣದ ಪಟ್ಟಿಯಲ್ಲಿರುವ ಇಸವಿ ಎಷ್ಟೋ ಸಲ ಮೊದಲ ಮುದ್ರಣದ್ದು, ಕೈಯಲ್ಲಿರುವ ಪ್ರತಿ ನಾಲ್ಕನೆಯ ಮುದ್ರಣದ್ದು. ನಿಮ್ಮ ಶಬ್ದ ನಡುವೆ ಸೇರಿಸಿದ ಮುನ್ನುಡಿಯಲ್ಲಿದ್ದರೆ ಕಾಲ ಪೂರ್ತಿ ತಪ್ಪಿಹೋಗುತ್ತದೆ. ಶೀರ್ಷಿಕೆಯ ಪುಟ ಮತ್ತು ಅದರ ಹಿಂದಿನ ಪುಟವನ್ನು ಕಣ್ಣಾರೆ ನೋಡದೆ ಇಸವಿ ಬರೆಯಬಾರದು. ಇನ್ನೊಂದು, ಯಂತ್ರ ಹಳೆಯ ಅಚ್ಚಿನ ಕನ್ನಡ ಓದುವಾಗ ಒತ್ತಕ್ಷರಗಳನ್ನು ತಪ್ಪು ಓದುತ್ತದೆ. ಹುಡುಕಿ ಸಿಗಲಿಲ್ಲವೆಂದರೆ ಇಲ್ಲ ಎಂದಾಗದು, ಪುಟ ತಿರುವಬೇಕು.

ಕೊನೆಯದಾಗಿ ಬಾಗಲಕೋಟೆಯ ಒಂದು ಶಬ್ದವನ್ನು ಹಿಡಿದು ದಾರಿ ತೋರಿಸುತ್ತೇನೆ: ‘ಮುಳುಗಡೆ’. ಬಿಡುಗಡೆಯ ಅಚ್ಚಿನಲ್ಲೇ ಆದ ಶಬ್ದ. ಆದರೆ ಬಾಗಲಕೋಟೆಯಲ್ಲಿ ‘ನಮ್ಮದು ಮುಳಗಡಿ ಆತ್ರಿ’ ಎಂದರೆ ಹಡಗು ಮುಳುಗಿದ ಮಾತಲ್ಲ. ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಮನೆಯೋ ಹೊಲವೋ ಹೋಗಿದೆ, ಪರಿಹಾರ ಬಂದಿದೆ ಅಥವಾ ಬರಬೇಕಿದೆ, ನೆಲೆ ಕಳೆದುಕೊಂಡವರಿಗಾಗಿ ಕಟ್ಟಿದ ನವನಗರದಲ್ಲಿ ಜಾಗ ಸಿಕ್ಕಿದೆ ಅಥವಾ ಸಿಕ್ಕಿಲ್ಲ, ಇಷ್ಟೂ ಆ ಒಂದು ಶಬ್ದದಲ್ಲಿದೆ. ಹುಡುಕಬೇಕಾದ್ದು ಈ ಅರ್ಥದ ಮೊದಲ ಬಳಕೆಯನ್ನು. ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲು ಇಟ್ಟದ್ದು 1964ರ ಮೇ 22ರಂದು. ಹಾಗಾಗಿ ಹುಡುಕಾಟವನ್ನು ಅಲ್ಲಿಂದ ಶುರು ಮಾಡಿ, ಯೋಜನೆಯ ಮಾತು ಎದ್ದ ಹಿಂದಿನ ವರ್ಷಗಳಿಗೂ ಸರಿಯಬೇಕು. ಭೂಸ್ವಾಧೀನದ ನೋಟಿಸುಗಳು, ರಾಜ್ಯಪತ್ರ, ಬೆಳಗಾವಿಯಲ್ಲಿ ಹುಟ್ಟಿ ಹುಬ್ಬಳ್ಳಿಗೆ ಹೋದ ‘ಸಂಯುಕ್ತ ಕರ್ನಾಟಕ’ದ ಹಳೆಯ ಸಂಚಿಕೆಗಳು, ಜನ ಕೊಟ್ಟ ಮನವಿ ಪತ್ರಗಳು. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಹಿಂದಿನ ಕಡತಗಳನ್ನು ವಿಜಯಪುರ ಜಿಲ್ಲೆಯ ಹೆಸರಿನಲ್ಲಿ, ಅದೂ ‘ಬಿಜಾಪುರ’ ಎಂಬ ಹಳೆಯ ಬರಹದಲ್ಲಿ ಕೇಳಬೇಕು.

ಹಿರಿಯರ ನೆನಪನ್ನೂ ಬರೆದುಕೊಳ್ಳಿ. ‘ಆವಾಗಿನ್ನೂ ಮುಳಗಡಿ ಅಂತಿದ್ದಿಲ್ರಿ, ನೀರಾಗ ಹೊಕ್ಕೈತಿ ಅಂತಿದ್ವಿ’ ಎಂದು ಯಾರಾದರೂ ಹೇಳಿದರೆ ಅದು ಇಸವಿ ಇರುವ ದಾಖಲೆಯಾಗದು, ಆದರೆ ಎಲ್ಲಿ ಅಗೆಯಬೇಕೆಂದು ತೋರಿಸುತ್ತದೆ. ಅವರ ಟ್ರಂಕಿನಲ್ಲಿರುವ ನೋಟಿಸು, ಹಕ್ಕುಪತ್ರಗಳನ್ನು ತೆಗೆಸಿ ನೋಡಿ. ಶಬ್ದ ಇರುವ ಸಾಲು, ಕಚೇರಿಯ ಮೊಹರು, ತಾರೀಖು ಮೂರೂ ಒಂದೇ ಫೋಟೊದಲ್ಲಿ ಬರುವಂತೆ ತೆಗೆಯಿರಿ. ಹೆಸರು, ಸರ್ವೆ ನಂಬರು ಅವರ ಖಾಸಗಿ ವಿವರ, ಅದನ್ನು ಮುಚ್ಚಿ. ಕಾಗದವನ್ನು ಮಾತ್ರ ಅವರ ಕೈಗೇ ವಾಪಸು ಕೊಡಿ. ಪರಿಹಾರದ ಎಷ್ಟೋ ಪ್ರಕರಣಗಳು ಕೋರ್ಟಿನಲ್ಲಿ ಇನ್ನೂ ಮುಗಿದಿಲ್ಲ, ಅವರಿಗೆ ಆ ಕಾಗದ ಬೇಕಾಗುತ್ತದೆ.